ಸೈಕಲ್ಲಿಗೂ ಅಳತೆ ಬೇಕು: ಕತ್ತು, ಭುಜ ನೋವಿಗೆ ಎರಡು ನಟ್ಟಿನ ಪರಿಹಾರ



ವಾರದ ಸಭೆ ಮುಗಿದು, ಉಳಿತಾಯದ ಲೆಕ್ಕ ಬರೆದು, ಚಾಪೆ ಮಡಚುವ ಹೊತ್ತಿಗೆ ನಮ್ಮ ಸಂಘಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. "ಕತ್ತು ಹಿಡ್ಕೊಂಡ್ಬಿಟ್ಟಿದೆ ಕಣಕ್ಕಾ, ಎರಡು ದಿನದಿಂದ ಭುಜ ಎತ್ತೋಕೇ ಆಗ್ತಿಲ್ಲ." ಹೊಲಿಗೆ ಮಿಷನ್ ಮುಂದೆ ಬಗ್ಗಿ ಕೂತರೆ ಇನ್ನೇನಾಗುತ್ತೆ ಎಂದು ಒಬ್ಬರು ಹೇಳುತ್ತಾರೆ. ನೀರು ಹೊತ್ತಿದ್ದಕ್ಕೆ ಅಂತ ಇನ್ನೊಬ್ಬರು. ವಯಸ್ಸಾಯ್ತು ಬಿಡಿ ಅಂತ ಮತ್ತೊಬ್ಬರು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವೇ. ಆದರೆ ಹೊರಗೆ ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ನಮ್ಮಲ್ಲಿ ಟೈಲರಿಂಗ್ ಗೊತ್ತಿರುವವರು ಬಹಳ ಮಂದಿ ಇದ್ದೀರಿ. ಒಬ್ಬಳ ಅಳತೆಯ ರವಿಕೆಯನ್ನು ಇನ್ನೊಬ್ಬಳಿಗೆ ಹಾಕಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಭುಜ ಬಿಗಿಯುತ್ತದೆ, ಕಂಕುಳು ಎಳೆಯುತ್ತದೆ, ಕೈ ಮೇಲೆತ್ತಲು ಆಗುವುದಿಲ್ಲ. ಸೈಕಲ್ಲಿನ ಕಥೆಯೂ ಇದೇ. ಗಂಡನ ಸೈಕಲ್, ಮಾವನ ಸೈಕಲ್, ಮಗಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್, ಯಾವುದು ಸಿಕ್ಕಿತೋ ಅದನ್ನು ಹತ್ತಿ ಹೊರಡುತ್ತೇವೆ. ಅದರ ಸೀಟು, ಹ್ಯಾಂಡಲ್ ನಮ್ಮ ಮೈಗೆ ಸರಿಯಾಗಿದೆಯಾ ಅಂತ ನೋಡುವುದೇ ಇಲ್ಲ. ಸೈಕಲ್ಲಿಗೆ ತಕ್ಕ ಹಾಗೆ ನಾವೇ ಬಗ್ಗುತ್ತೇವೆ. ಹೀಗೆ ದಿನಾ ಬಗ್ಗಿದ್ದರ ನೋವು ಕೊನೆಗೆ ಕತ್ತಿನಲ್ಲಿ ಬಂದು ಕೂರುತ್ತದೆ.

ಸೈಕಲ್ ಕಂಪನಿಯವರು ಸೀಟಿಗೆ ಒಂದು, ಹ್ಯಾಂಡಲ್ಲಿಗೆ ಒಂದು ನಟ್ಟು ಬೋಲ್ಟು ಇಟ್ಟಿರುವುದು ಸಡಿಲ ಮಾಡಿ ಅಳತೆಗೆ ಹೊಂದಿಸಿಕೊಳ್ಳಲಿ ಎಂದೇ. ಒಂದು ಸ್ಪ್ಯಾನರ್, ಅರ್ಧ ಗಂಟೆ ಸಮಯ ಇದ್ದರೆ ಈ ಕೆಲಸ ನಾವೇ ಮಾಡಿಕೊಳ್ಳಬಹುದು. ಹೇಗೆ ಅಂತ ಈ ಲೇಖನದಲ್ಲಿ ಒಂದೊಂದಾಗಿ ತಿಳಿಯೋಣ.

ನಮ್ಮ ಕಡೆ ಸೈಕಲ್ ಯಾಕೆ ಮುಖ್ಯ?

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಜೀವನ ರೈಲಿನ ಮೇಲೆ ನಿಂತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಬೆಳಗಿನ ಜಾವ ರೈಲು ಹತ್ತಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂತಿರುಗುವವರಲ್ಲಿ ಹೆಂಗಸರೂ ಇದ್ದಾರೆ. ಬೇತಮಂಗಲ, ಬೂದಿಕೋಟೆ, ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಬೇಕು, ಟೊಮೆಟೊ ತೋಟಕ್ಕೆ ಕೂಲಿಗೆ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಸಂತೋಷ. ಆದರೆ ಬಸ್ಸು ಮನೆ ಬಾಗಿಲಿಗೆ ಬರುವುದಿಲ್ಲ. ಮನೆಯಿಂದ ಸ್ಟಾಪಿಗೆ, ಸ್ಟೇಷನ್ನಿಗೆ, ಡೇರಿಗೆ, ನ್ಯಾಯಬೆಲೆ ಅಂಗಡಿಗೆ ಪೆಟ್ರೋಲ್ ಇಲ್ಲದೆ, ಯಾರನ್ನೂ ಕೇಳದೆ ಹೋಗಲು ಇರುವುದು ಸೈಕಲ್ ಒಂದೇ.

ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1990ರ ದಶಕದ ಆರಂಭದಲ್ಲಿ ಅಲ್ಲಿ 'ಅರಿವೊಳಿ' ಸಾಕ್ಷರತಾ ಚಳವಳಿ ನಡೆದಾಗ ಓದು ಬರಹದ ಜೊತೆಗೆ ಸೈಕಲ್ ಕಲಿಯುವುದನ್ನೂ ಸೇರಿಸಿದರು. ಕೂಲಿ ಹೆಂಗಸರು, ಕಲ್ಲು ಕ್ವಾರಿಯ ಹೆಂಗಸರು ಸೇರಿ ಸಾವಿರಾರು ಮಂದಿ ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಓಡಿಸಿದರು. ಅದರ ನಡುವಿನ ಕಂಬಿಯ ಮೇಲೆ ಮಗುವನ್ನೂ ಕೂರಿಸಿಕೊಂಡರು.

ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಕೋವಿಡ್ ಬಂದ ಮೇಲೆ ಹಂಚಿಕೆ ನಿಂತಿತು. ಆದರೂ ಆಗ ಕೊಟ್ಟ ಸೈಕಲ್ಲುಗಳು ಇನ್ನೂ ನಮ್ಮ ಮನೆಗಳಲ್ಲಿ ಓಡಾಡುತ್ತಿವೆ. ಮಗಳು ಓದು ಮುಗಿಸಿದ ಮೇಲೆ ತಾಯಿ ಅದನ್ನು ಹತ್ತುತ್ತಾಳೆ. ಹದಿಮೂರು ವರ್ಷದ ಹುಡುಗಿಗೆ ಅಂತ ಸೀಟು ಎಲ್ಲಿ ಕೂರಿಸಿದ್ದರೋ ಅಲ್ಲೇ ಇರುತ್ತದೆ. ಹುಡುಗಿ ಬೆಳೆದಾಗ ಯೂನಿಫಾರ್ಮಿನ ಹೊಲಿಗೆ ಬಿಚ್ಚಿ ಉದ್ದ ಮಾಡಿ ಕೊಟ್ಟಿದ್ದೇವೆ. ಸೀಟನ್ನು ಮಾತ್ರ ಎತ್ತಲಿಲ್ಲ!

ನೋವು ಜಾಸ್ತಿಯಾದರೆ ಏನಾಗುತ್ತದೆ? "ಸೈಕಲ್ ಸಹವಾಸವೇ ಬೇಡ" ಅಂತ ಮೂಲೆಗೆ ಹಾಕುತ್ತೇವೆ. ಆಮೇಲೆ ಆಟೋಗೆ ದುಡ್ಡು ಕೊಡಬೇಕು, ಇಲ್ಲವೇ ಯಾರಾದರೂ ಬೈಕಲ್ಲಿ ಬಿಡಲಿ ಅಂತ ಕಾಯಬೇಕು. ಮಗಳಾದರೆ ಸ್ಪೆಷಲ್ ಕ್ಲಾಸಿಗೆ ಹೋಗುವುದನ್ನೇ ಬಿಡುತ್ತಾಳೆ. ಅದಕ್ಕೇ ಇದು ಸಣ್ಣ ವಿಷಯವಲ್ಲ.

ನೋವು ಎಲ್ಲಿಂದ ಬರುತ್ತದೆ?

ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ನೆಟ್ಟಗೆ ಕೂತಾಗ ಈ ತೂಕ ಬೆನ್ನುಮೂಳೆಯ ಮೇಲೆ ನೇರವಾಗಿ ಇಳಿಯುತ್ತದೆ, ಕತ್ತಿನ ಮಾಂಸಖಂಡಗಳಿಗೆ ಹೆಚ್ಚು ಕೆಲಸ ಇರುವುದಿಲ್ಲ. ಒಂದು ಚೊಂಬು ನೀರನ್ನು ಎದೆಗೆ ಹತ್ತಿರ ಹಿಡಿದು ನೋಡಿ, ಆಮೇಲೆ ಅದನ್ನೇ ಕೈ ಚಾಚಿ ಹಿಡಿದು ನೋಡಿ. ನೀರು ಅಷ್ಟೇ, ಆದರೆ ಕೈ ಎಷ್ಟು ಬೇಗ ಸೋಲುತ್ತದೆ! ಸೈಕಲ್ ಮೇಲೆ ಮುಂದಕ್ಕೆ ಬಗ್ಗಿದಾಗ ತಲೆಯೂ ಹೀಗೆಯೇ ಮುಂದಕ್ಕೆ ಚಾಚಿಕೊಳ್ಳುತ್ತದೆ. ಬಗ್ಗಿದವಳು ನೆಲ ನೋಡಿಕೊಂಡು ಹೋಗಲು ಆಗುವುದಿಲ್ಲ, ರಸ್ತೆ ನೋಡಬೇಕು. ಅದಕ್ಕೆ ಕತ್ತನ್ನು ಹಿಂದಕ್ಕೆ ಮಡಚಿ ಗಲ್ಲ ಎತ್ತಬೇಕಾಗುತ್ತದೆ. ಕತ್ತಿನ ಹಿಂಭಾಗದಿಂದ ಭುಜದವರೆಗೆ ಇರುವ ಮಾಂಸಖಂಡ ಅಷ್ಟು ಹೊತ್ತೂ ಬಿಗಿದುಕೊಂಡೇ ಇರುತ್ತದೆ. ಒಂದು ದಿನಕ್ಕೆ ಗೊತ್ತಾಗುವುದಿಲ್ಲ. ದಿನಾ ಅರ್ಧ ಗಂಟೆ, ತಿಂಗಳುಗಟ್ಟಲೆ ಆದಾಗ ನೋವು ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಹೊಲಿಗೆ, ಕಳೆ ಕೀಳುವುದು, ಪಾತ್ರೆ ತೊಳೆಯುವುದು, ಎಲ್ಲವೂ ಬಗ್ಗಿ ಮಾಡುವ ಕೆಲಸಗಳೇ.

ಎರಡನೆಯ ಕಾರಣ ಕೈಯ ಮೇಲೆ ಬೀಳುವ ಭಾರ. ನಮ್ಮ ತೂಕದ ಬಹುಪಾಲು ಸೀಟಿನ ಮೇಲೆ, ಉಳಿದದ್ದು ಪೆಡಲ್ ಮೇಲೆ ಇರಬೇಕು. ಕೈ ಹ್ಯಾಂಡಲ್ ತಿರುಗಿಸಲು, ಬ್ರೇಕ್ ಹಿಡಿಯಲು ಅಷ್ಟೇ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಮೈ ಜಾರುತ್ತಲೇ ಇರುತ್ತದೆ, ಜಾರದಂತೆ ಕೈಯಲ್ಲಿ ತಳ್ಳಿಕೊಂಡು ಕೂರಬೇಕಾಗುತ್ತದೆ. ಹ್ಯಾಂಡಲ್ ದೂರ ಇದ್ದರೆ ಮೊಣಕೈ ನೆಟ್ಟಗೆ ಕೋಲಿನಂತೆ ಚಾಚಿಕೊಳ್ಳುತ್ತದೆ. ಆಗ ರಸ್ತೆಯ ಗುಂಡಿಯಲ್ಲಿ ಚಕ್ರ ಕುಕ್ಕಿದ ಏಟು ನೇರವಾಗಿ ಭುಜಕ್ಕೆ ಬರುತ್ತದೆ. ಮೊಣಕೈ ಸ್ವಲ್ಪ ಮಡಚಿದ್ದರೆ ಅದೇ ಸ್ಪ್ರಿಂಗಿನಂತೆ ಕೆಲಸ ಮಾಡಿ ಏಟನ್ನು ನುಂಗುತ್ತದೆ.

ಮೊದಲು ಪರೀಕ್ಷೆ ಮಾಡಿ

ಇದನ್ನು ಒಬ್ಬರೇ ಮಾಡಲು ಆಗುವುದಿಲ್ಲ, ಜೊತೆಗೆ ಒಬ್ಬರು ಬೇಕು. ನೀವು ಸೈಕಲ್ ಮೇಲೆ ಕೂತು ಒಂದು ಕೈಯನ್ನು ಗೋಡೆಗೆ ಊರಿಕೊಳ್ಳಿ, ಇಲ್ಲವೇ ಬಯಲಿನಲ್ಲಿ ನಿಧಾನವಾಗಿ ಓಡಿಸಿ. ಗೆಳತಿ ಪಕ್ಕದಿಂದ ನಿಂತು ಇಷ್ಟನ್ನು ನೋಡಲಿ:

• ಭುಜ ಕಿವಿಯ ಕಡೆಗೆ ಎದ್ದಿದೆಯಾ? ಇಳಿದಿರಬೇಕು.
• ಮೊಣಕೈ ನೆಟ್ಟಗೆ ಬಿಗಿದಿದೆಯಾ? ಸ್ವಲ್ಪ ಮಡಚಿರಬೇಕು.
• ರಸ್ತೆ ನೋಡಲು ಗಲ್ಲ ಮೇಲೆತ್ತಿ, ಕತ್ತಿನ ಹಿಂದೆ ಮಡಿಕೆ ಬೀಳುತ್ತಿದೆಯಾ? ಬೀಳಬಾರದು.
• ಪೆಡಲ್ ತುಳಿಯುವಾಗ ಸೊಂಟ ಆಚೆ ಈಚೆ ಓಲಾಡುತ್ತಿದೆಯಾ? ಓಲಾಡಿದರೆ ಸೀಟು ಎತ್ತರವಾಗಿದೆ.
• ಮಂಡಿ ಹೊಟ್ಟೆಯ ಕಡೆಗೆ ಬಹಳ ಮೇಲೆ ಬರುತ್ತಿದೆಯಾ? ಹಾಗಾದರೆ ಸೀಟು ತಗ್ಗಾಗಿದೆ.
• ಮುಂದಿನಿಂದ ನೋಡಿದರೆ ಒಂದು ಭುಜ ಮುಂದೆ, ಒಂದು ಹಿಂದೆ ಇದೆಯಾ? ಹ್ಯಾಂಡಲ್ ಸೊಟ್ಟಗಾಗಿರಬಹುದು.

ಹೊಂದಿಸುವ ಕ್ರಮ

ಮೊದಲು ಸೀಟು, ಆಮೇಲೆ ಹ್ಯಾಂಡಲ್. ಈ ಕ್ರಮ ತಪ್ಪಿಸಬೇಡಿ. ಸೀಟು ಏರಿಸಿದರೆ ಹ್ಯಾಂಡಲ್ ತಾನಾಗಿಯೇ ತಗ್ಗಾದಂತೆ ಆಗುತ್ತದೆ, ಹಾಗಾಗಿ ಹ್ಯಾಂಡಲ್ಲನ್ನು ಮೊದಲು ಮುಟ್ಟಿದರೆ ಕೆಲಸ ಎರಡಾಗುತ್ತದೆ. ಯಾವುದನ್ನು ಸಡಿಲಿಸುವ ಮುಂಚೆಯೂ ಈಗ ಎಲ್ಲಿದೆ ಎಂದು ಸೀಮೆಸುಣ್ಣದಲ್ಲೋ ನೈಲ್ ಪಾಲಿಶ್‌ನಲ್ಲೋ ಗುರುತು ಹಾಕಿ. ಸರಿಬರದಿದ್ದರೆ ಹಿಂದಿನ ಜಾಗಕ್ಕೆ ತರಬಹುದು.

1. ಸೀಟಿನ ಎತ್ತರ: ಗೋಡೆ ಹಿಡಿದು ಸೀಟಿನ ಮೇಲೆ ಕೂತುಕೊಳ್ಳಿ. ಒಂದು ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆಗೆ ವಾಲಬಾರದು. ಓಡಿಸುವಾಗ ಹಿಮ್ಮಡಿಯಲ್ಲಿ ತುಳಿಯುವುದಿಲ್ಲ, ಬೆರಳುಗಳ ಬುಡದ ಅಗಲ ಭಾಗದಲ್ಲಿ ತುಳಿಯುತ್ತೇವೆ. ಆಗ ಮಂಡಿ ಸ್ವಲ್ಪ ಮಡಚಿರುತ್ತದೆ. ಇದೇ ಸರಿಯಾದ ಎತ್ತರ. ಸೀಟಿನ ಕಂಬ ಫ್ರೇಮಿನೊಳಗೆ ಹೋಗುವ ಜಾಗದಲ್ಲಿರುವ ಬೋಲ್ಟನ್ನು ಸಡಿಲಿಸಿ, ಸೀಟನ್ನು ಆಚೆ ಈಚೆ ತಿರುಗಿಸುತ್ತಾ ಮೇಲೆ ಎಳೆಯಿರಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಒಂದೆರಡು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ.

ಒಂದು ಎಚ್ಚರಿಕೆ: ಕಂಬದ ಮೇಲೆ 'ಇದಕ್ಕಿಂತ ಮೇಲೆ ಎಳೆಯಬಾರದು' ಎಂಬ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣಬಾರದು. ಗೆರೆ ಅಳಿಸಿಹೋಗಿದ್ದರೆ ಕನಿಷ್ಠ ನಾಲ್ಕು ಬೆರಳಿನಷ್ಟು ಕಂಬ ಒಳಗೇ ಉಳಿಯಲಿ.

"ಇಷ್ಟು ಎತ್ತರ ಮಾಡಿದ್ರೆ ನೆಲಕ್ಕೆ ಕಾಲು ಸಿಗಲ್ಲ, ಭಯ ಆಗುತ್ತೆ" ಅನ್ನುವವರಿದ್ದೀರಿ. ಕಲಿಯುವಾಗ ಸೀಟು ತಗ್ಗಾಗಿರಲಿ, ತಪ್ಪಿಲ್ಲ. ರೂಢಿಯಾದ ಮೇಲೆ ಒಂದೇ ಸಲ ಎತ್ತದೆ ವಾರಕ್ಕೆ ಅರ್ಧ ಇಂಚಿನಂತೆ ಏರಿಸಿ. ಎರಡೂ ಪಾದ ಪೂರ್ತಿ ಊರಬೇಕು ಅಂತಿಲ್ಲ, ಬೆರಳ ತುದಿ ನೆಲ ಮುಟ್ಟಿದರೆ ಸಾಕು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯುವುದನ್ನು ರೂಢಿ ಮಾಡಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಂಥ ಜನಜಂಗುಳಿಯಲ್ಲಿ, ಹಿಂದೆ ಮಗು ಕೂರಿಸಿಕೊಂಡು ಹೋಗುವವರು ಅಳತೆಗಿಂತ ಒಂದು ಬೆರಳು ತಗ್ಗಿಸಿಕೊಂಡರೂ ಸರಿಯೇ. ಬೀಳದಿರುವುದು ಮೊದಲು.

2. ಸೀಟಿನ ಇಳಿಜಾರು: ಸೀಟಿನ ಮೇಲೆ ಒಂದು ಸ್ಕೇಲನ್ನೋ ಪುಸ್ತಕವನ್ನೋ ಇಟ್ಟು ನೋಡಿ. ಅದು ನೆಲಕ್ಕೆ ಸಮವಾಗಿರಬೇಕು. ಮೂತಿ ಕೆಳಗಿದ್ದರೆ ಜಾರಿ ಕೈ ಮೇಲೆ ಭಾರ ಬೀಳುತ್ತದೆ. ಮೂತಿ ಮೇಲಿದ್ದರೆ ಕೂರುವ ಜಾಗ ಒತ್ತಿ ನೋಯುತ್ತದೆ. ಸೀಟಿನ ಕೆಳಗಿರುವ ನಟ್ಟನ್ನು ಸಡಿಲಿಸಿ ಸಮ ಮಾಡಿ, ಎರಡೂ ಕಡೆ ಗಟ್ಟಿಯಾಗಿ ಬಿಗಿಯಿರಿ. ಹಳೆ ಸೀಟಿನ ಸ್ಪ್ರಿಂಗ್ ಒಂದು ಕಡೆ ಮುರಿದು ಓರೆಯಾಗಿದ್ದರೆ ಎಷ್ಟು ಹೊಂದಿಸಿದರೂ ಸರಿಹೋಗುವುದಿಲ್ಲ, ಸೀಟನ್ನೇ ಬದಲಾಯಿಸಬೇಕು.

3. ಸೀಟು ಹಿಂದೆ ಮುಂದೆ: ಅದೇ ನಟ್ಟು ಸಡಿಲಿಸಿದಾಗ ಸೀಟು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಪೆಡಲ್ಲುಗಳು ನೆಲಕ್ಕೆ ಸಮವಾಗಿ ನಿಂತಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಡಿ. ದಾರ ಪೆಡಲಿನ ನಡುವಿಗೆ ಹತ್ತಿರ ಬಿದ್ದರೆ ಸರಿ. ಬಹಳ ಹಿಂದೆ ಬಿದ್ದರೆ ಸೀಟನ್ನು ಸ್ವಲ್ಪ ಮುಂದೆ ತನ್ನಿ. ಇದರಿಂದ ಹ್ಯಾಂಡಲ್ಲೂ ಹತ್ತಿರವಾಗುತ್ತದೆ.

4. ಹ್ಯಾಂಡಲ್ ಎತ್ತರ: ನಮ್ಮಂತೆ ದಿನದ ಓಡಾಟಕ್ಕೆ ಸೈಕಲ್ ಬಳಸುವವರಿಗೆ ಹಿಡಿ ಸೀಟಿಗಿಂತ ಒಂದೆರಡು ಇಂಚು ಮೇಲಿದ್ದರೆ ಒಳ್ಳೆಯದು. ತಗ್ಗಿದ್ದರೆ ಬಗ್ಗಬೇಕಾಗುತ್ತದೆ, ಕತ್ತು ಮಡಚಬೇಕಾಗುತ್ತದೆ. ಹಾಗಂತ ಭುಜ ಎತ್ತಿ ಹಿಡಿಯುವಷ್ಟು ಮೇಲೂ ಬೇಡ.

ಸಾಮಾನ್ಯ ಸೈಕಲ್ಲುಗಳಲ್ಲಿ ಹ್ಯಾಂಡಲ್ ಕಂಬದ ನೆತ್ತಿಯಲ್ಲಿ ಒಂದು ಉದ್ದ ಬೋಲ್ಟು ಇರುತ್ತದೆ. ಅದನ್ನು ಪೂರ್ತಿ ಬಿಚ್ಚಬೇಡಿ, ಮೂರು ನಾಲ್ಕು ಸುತ್ತು ಸಡಿಲಿಸಿ ಸಾಕು. ಬೋಲ್ಟಿನ ತಲೆಯ ಮೇಲೆ ಒಂದು ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಒಳಗಿರುವ ಬೆಣೆ ಕೆಳಗಿಳಿದು ಹ್ಯಾಂಡಲ್ ಸಡಿಲವಾಗುತ್ತದೆ. ಈಗ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು, ಹ್ಯಾಂಡಲ್ಲನ್ನು ಬೇಕಾದ ಎತ್ತರಕ್ಕೆ ತನ್ನಿ, ಚಕ್ರಕ್ಕೆ ನೇರ ಮಾಡಿ, ಬೋಲ್ಟ್ ಬಿಗಿಯಿರಿ. ಇಲ್ಲೂ ಕಂಬದ ಗೆರೆ ಹೊರಗೆ ಕಾಣಬಾರದು.

ಹ್ಯಾಂಡಲ್ ಏರಿಸಿದ ಮೇಲೆ ಬ್ರೇಕ್ ನೋಡಲೇಬೇಕು. ಹಳೆಯ ಕಂಬಿ ಬ್ರೇಕಿನ ಸೈಕಲ್ಲಿನಲ್ಲಿ ಹ್ಯಾಂಡಲ್ ಮೇಲೆ ಬಂದರೆ ಕಂಬಿಯೂ ಮೇಲಕ್ಕೆ ಎಳೆದುಕೊಂಡು ಬ್ರೇಕು ಚಕ್ರಕ್ಕೆ ತಾಗುತ್ತದೆ. ಕಂಬಿಯ ನಟ್ಟು ಸಡಿಲಿಸಿ ಉದ್ದ ಸರಿಮಾಡಬೇಕು. ವೈರ್ ಬ್ರೇಕ್ ಆದರೆ ವೈರು ಬಿಗಿಯಾಗಿ ಎಳೆದುಕೊಂಡಿದೆಯಾ ನೋಡಿ. ಈ ಕೆಲಸ ಗೊತ್ತಿಲ್ಲದಿದ್ದರೆ ಸೈಕಲ್ ಶಾಪಿನವರ ಹತ್ತಿರವೇ ಮಾಡಿಸಿ. ಬ್ರೇಕ್ ವಿಷಯದಲ್ಲಿ ಅಂದಾಜು ಬೇಡ.

5. ಹ್ಯಾಂಡಲ್ ದೂರ: ಸೀಟಿನ ಮೂತಿಗೆ ಮೊಣಕೈ ತಾಗಿಸಿ ಕೈಯನ್ನು ಮುಂದಕ್ಕೆ ಚಾಚಿದರೆ ಬೆರಳ ತುದಿ ಹ್ಯಾಂಡಲ್ ಕಂಬದ ಹತ್ತಿರ ಬರಬೇಕು ಎಂಬುದು ಹಳೆಯ ಲೆಕ್ಕ. ಇದು ಅಂದಾಜು ಮಾತ್ರ. ಹಿಡಿ ಹಿಡಿದಾಗ ಮೊಣಕೈ ಮಡಚಿ, ಭುಜ ಇಳಿದಿದ್ದರೆ ನಿಮಗೆ ಅದೇ ಅಳತೆ. ಇನ್ನೂ ದೂರ ಅನ್ನಿಸಿದರೆ ಹಿಡಿ ನಮ್ಮ ಕಡೆಗೆ ಬಾಗಿ ಬರುವಂಥ ಹ್ಯಾಂಡಲ್ ಹಾಕಿಸಬಹುದು. ನೆಟ್ಟಗಿನ ಕೋಲಿನಂಥ ಹ್ಯಾಂಡಲ್ ಇರುವ ಸೈಕಲ್ಲುಗಳಲ್ಲಿ ಹೆಂಗಸರಿಗೆ ಹೆಚ್ಚು ತೊಂದರೆ ಇಲ್ಲೇ.

6. ಬ್ರೇಕಿನ ಹಿಡಿ: ಮಣಿಕಟ್ಟು ಬಾಗದೆ, ಬೆರಳು ಸಾಕಾಗದೆ ಒದ್ದಾಡದೆ ಬ್ರೇಕು ಸಿಗಬೇಕು. ದೂರ ಇದ್ದರೆ ಪ್ರತಿ ಸಲವೂ ಭುಜದಿಂದ ಎಳೆಯುತ್ತೇವೆ. ವೈರ್ ಬ್ರೇಕಿನ ಹಿಡಿಯನ್ನು ಸ್ವಲ್ಪ ತಿರುಗಿಸಿ ಬೆರಳಿನ ನೇರಕ್ಕೆ ತರಬಹುದು.

ಎಲ್ಲ ಬಿಗಿದ ಮೇಲೆ ಮುಂಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ಜೋರಾಗಿ ತಿರುಗಿಸಲು ನೋಡಿ, ಸೀಟನ್ನೂ ತಿರುಗಿಸಲು ನೋಡಿ. ಎರಡೂ ಅಲ್ಲಾಡಬಾರದು. ಆಮೇಲೆ ಬಯಲಿನಲ್ಲಿ ನಾಲ್ಕು ಸುತ್ತು ಹೊಡೆದು, ಬ್ರೇಕ್ ಹಿಡಿದು ನೋಡಿ, ಅನಂತರವೇ ರಸ್ತೆಗೆ ಹೋಗಿ. ಹೊಸ ಅಳತೆಗೆ ಮೈ ಒಗ್ಗಲು ನಾಲ್ಕೈದು ದಿನ ಬೇಕು. ಮೊದಲ ದಿನವೇ "ಇದು ಸರಿಯಿಲ್ಲ" ಅನ್ನಬೇಡಿ.

ಸೈಕಲ್ಲೇ ದೊಡ್ಡದಾದರೆ?

ಗಂಡಸರ ದೊಡ್ಡ ಸೈಕಲ್ಲನ್ನು ಎರಡೂ ಕಾಲು ಆಚೆ ಈಚೆ ಹಾಕಿ ನೆಲದ ಮೇಲೆ ನಿಂತು ನೋಡಿ. ನಡುವಿನ ಕಂಬಿಗೂ ಮೈಗೂ ಎರಡು ಬೆರಳಾದರೂ ಸಂದು ಇರಬೇಕು. ಕಂಬಿ ತಾಗಿದರೆ, ಸೀಟನ್ನು ಪೂರ್ತಿ ಇಳಿಸಿದರೂ ಕಾಲು ಸಾಲದಿದ್ದರೆ, ಆ ಫ್ರೇಮು ನಿಮ್ಮದಲ್ಲ. ನಟ್ಟು ಬೋಲ್ಟಿನಿಂದ ಅದು ಸರಿಹೋಗುವುದಿಲ್ಲ. ಹಾಗೆಂದು ಹೊಸದೇ ಕೊಳ್ಳಬೇಕು ಅಂತೇನಿಲ್ಲ. ಎತ್ತರದ ಸದಸ್ಯೆಯ ಮನೆಯಲ್ಲಿ ಚಿಕ್ಕ ಸೈಕಲ್, ಗಿಡ್ಡ ಸದಸ್ಯೆಯ ಮನೆಯಲ್ಲಿ ದೊಡ್ಡ ಸೈಕಲ್ ಇದ್ದರೆ ಅದಲು ಬದಲು ಮಾಡಿಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳಲು ಸಂಘದಲ್ಲಿ ಆಂತರಿಕ ಸಾಲ ತೆಗೆಯುವವರು ದುಡ್ಡು ಕೊಡುವ ಮುಂಚೆ ಕೂತು, ಓಡಿಸಿ, ಮೇಲೆ ಹೇಳಿದ ಪರೀಕ್ಷೆ ಮಾಡಿ. ಬಣ್ಣ, ಬುಟ್ಟಿ ಆಮೇಲೆ.

ಹೊರೆ ಎಲ್ಲಿಡಬೇಕು?

ಅಳತೆ ಸರಿಯಿದ್ದರೂ ಹೊರೆ ತಪ್ಪಿದರೆ ನೋವು ಬರುತ್ತದೆ. ಹಾಲಿನ ಕ್ಯಾನನ್ನು ಹ್ಯಾಂಡಲ್ಲಿನ ಒಂದೇ ಕಡೆಗೆ ತೂಗುಹಾಕಿದರೆ ಸೈಕಲ್ ಆ ಕಡೆಗೆ ಎಳೆಯುತ್ತದೆ, ಇನ್ನೊಂದು ಭುಜ ದಾರಿಯುದ್ದಕ್ಕೂ ತಡೆದು ಹಿಡಿಯಬೇಕು. ಹೊರೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ. ಎರಡಿದ್ದರೆ ಎರಡೂ ಕಡೆ ಸಮ ಮಾಡಿ. ಒಂದೇ ಭುಜಕ್ಕೆ ಹಾಕುವ ಉದ್ದ ಪಟ್ಟಿಯ ಬ್ಯಾಗು ಬೇಡ.

ಮಕ್ಕಳ ಶಾಲೆಯ ಬ್ಯಾಗು ಬೆನ್ನಿನ ಮೇಲಿದ್ದರೆ ಅದರ ತೂಕವೂ ಭುಜದ್ದೇ. ಬ್ಯಾಗು ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು, 9 ಮತ್ತು 10ನೇ ತರಗತಿಗೆ 4ರಿಂದ 5 ಕಿಲೋ ಇರಬೇಕು ಎಂದು 2019ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶವಾಗಿದೆ. ಸೈಕಲ್ಲಿನಲ್ಲಿ ಹೋಗುವ ಮಗು ಬ್ಯಾಗನ್ನು ಕ್ಯಾರಿಯರಿಗೆ ಕ್ಲಿಪ್ ಹಾಕಿ ಕಟ್ಟಿಕೊಳ್ಳಲಿ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕಿದರೆ ಕತ್ತಿಗೇ ಅಪಾಯ. ಸೊಂಟಕ್ಕೆ ಬಿಗಿದು ಕಟ್ಟಿಕೊಂಡೇ ಹತ್ತಬೇಕು.

ಓಡಿಸುವ ರೀತಿ, ಸ್ವಲ್ಪ ವ್ಯಾಯಾಮ

ಹಿಡಿಯನ್ನು ಮುಷ್ಟಿ ಬಿಗಿದು ಹಿಡಿಯಬೇಡಿ. ಹೂಬುಟ್ಟಿಯ ಹಿಡಿಯಂತೆ ಹಗುರವಾಗಿರಲಿ. ಏರು ಬಂದರೆ ಹ್ಯಾಂಡಲ್ ಎಳೆದುಕೊಂಡು ಒದ್ದಾಡುವುದಕ್ಕಿಂತ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೆ, ಚೈನು ಒಣಗಿದ್ದರೆ ತುಳಿಯಲು ಭಾರ, ಅದರ ಶ್ರಮವೂ ಭುಜಕ್ಕೇ. ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಎಣ್ಣೆ.

ರೈಲಿಗೋ ಬಸ್ಸಿಗೋ ಕಾಯುವಾಗ ಈ ಮೂರನ್ನು ಐದೈದು ಸಲ ಮಾಡಿ. ಭುಜವನ್ನು ಕಿವಿಯವರೆಗೆ ಎತ್ತಿ ಸಡಿಲಬಿಡುವುದು. ಗಲ್ಲವನ್ನು ಹಿಂದಕ್ಕೆ ಒತ್ತಿ ಐದು ಎಣಿಸುವುದು. ತಲೆಯನ್ನು ನಿಧಾನವಾಗಿ ಬಲಕ್ಕೆ, ಎಡಕ್ಕೆ ತಿರುಗಿಸುವುದು. ನೋವಾದರೆ ಅಲ್ಲಿಗೇ ನಿಲ್ಲಿಸಿ. ನೋಯುತ್ತಿರುವ ಕತ್ತಿಗೆ ಬಿಸಿನೀರಿನ ಶಾಖ ಕೊಡಬಹುದು. ಆದರೆ ನೆಟಿಗೆ ತೆಗೆಸುವುದು, ಜೋರಾಗಿ ತಿರುಚಿಸುವುದು ಬೇಡ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು.

ಎಲ್ಲ ನೋವೂ ಸೈಕಲ್ಲಿನದ್ದಲ್ಲ

ಅಳತೆ ಸರಿಮಾಡಿ ಮೂರು ನಾಲ್ಕು ವಾರ ಕಳೆದರೂ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಕೈಗೆ ಜೋಮು ಹಿಡಿಯುವುದು, ಹಿಡಿತ ತಪ್ಪಿ ಪಾತ್ರೆ ಬೀಳುವುದು, ನೋವು ಭುಜದಿಂದ ಬೆರಳವರೆಗೆ ಸೆಳೆಯುವುದು, ನಡೆಯುವಾಗ ತೂರಾಡುವುದು, ಬಿದ್ದ ಮೇಲೆ ಬಂದ ಕತ್ತು ನೋವು, ಜ್ವರದ ಜೊತೆ ಕತ್ತು ಬಿಗಿತ, ಇವುಗಳಿಗೆ ಕಾಯಬಾರದು. ಕೆ.ಜಿ.ಎಫ್., ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗೋ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ ಹೋಗಿ. ಎದೆ ಒತ್ತಿದಂತಾಗಿ ನೋವು ಭುಜಕ್ಕೆ, ದವಡೆಗೆ ಹಬ್ಬಿ ಬೆವರು ಬಂದರೆ ಅದು ಹೃದಯದ್ದಿರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಬಿಗಿದು ಕೈ ಮೇಲೇಳದಂತಾಗುವುದು ಹೆಚ್ಚು. ಅಂಥವರು ಸಕ್ಕರೆಯನ್ನೂ ಪರೀಕ್ಷೆ ಮಾಡಿಸಬೇಕು.

ನಮ್ಮ ಕೋಲಾರ ಜಿಲ್ಲೆಯಲ್ಲಿ ಇನ್ನೊಂದು ಕಾರಣವೂ ಇದೆ. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಕತ್ತು, ಬೆನ್ನು, ಕೀಲುಗಳು ಬಿಗಿಯುತ್ತವೆ. ಮಂಡಿ ಮಡಚದೆ ಕಾಲ್ಬೆರಳು ಮುಟ್ಟಲು, ಗಲ್ಲವನ್ನು ಎದೆಗೆ ತಾಗಿಸಲು, ಎರಡೂ ಕೈ ಎತ್ತಿ ತಲೆಯ ಹಿಂದೆ ಇಡಲು ಆಗದಿದ್ದರೆ, ಮನೆಯಲ್ಲಿ ಇನ್ನೂ ಕೆಲವರಿಗೆ ಹೀಗೇ ಇದ್ದರೆ, ಡಾಕ್ಟರಿಗೆ ಹೇಳಿ. ಊರಿನ ನೀರು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಗೆ ಸಂಘದಿಂದ ಅರ್ಜಿ ಕೊಡಿ.

ಸಂಘದಲ್ಲಿ ಏನು ಮಾಡಬಹುದು?

ಒಂದು ಸಭೆಯನ್ನು 'ಸೈಕಲ್ ಸಭೆ' ಮಾಡಿ. ಸೈಕಲ್ ಇರುವವರೆಲ್ಲ ತಂದು ನಿಲ್ಲಿಸಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಕೂರಲಿ, ಒಬ್ಬರು ನೋಡಲಿ. ಸಾಧ್ಯವಾದರೆ ಹತ್ತಿರದ ಸೈಕಲ್ ಶಾಪಿನವರನ್ನು ಒಂದು ಗಂಟೆಗೆ ಕರೆಸಿ, ಅವರ ಕೂಲಿಯನ್ನು ಎಲ್ಲರೂ ಹಂಚಿಕೊಳ್ಳಿ. ಸಂಘಕ್ಕೆ ಒಂದು ಸೆಟ್ ಸ್ಪ್ಯಾನರ್, ಒಂದು ಗಾಳಿ ಪಂಪು ಕೊಂಡು ಪ್ರತಿನಿಧಿಯ ಮನೆಯಲ್ಲಿಡಿ. ಬೆಳೆಯುವ ಹೆಣ್ಣುಮಕ್ಕಳ ಸೈಕಲ್ಲನ್ನು ಶಾಲೆ ತೆರೆಯುವ ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ನೋಡಿ. ಸ್ಪ್ಯಾನರನ್ನು ಅವರ ಕೈಗೇ ಕೊಟ್ಟು ಮಾಡಿಸಿ. ಕಲಿತರೆ ಅವರೇ ನಿಮ್ಮದನ್ನೂ ಮಾಡಿಕೊಡುತ್ತಾರೆ.

ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದಲ್ಲಿ ಎಷ್ಟು ಮಂದಿಗೆ ಕತ್ತು, ಭುಜ ನೋವಿದೆ? ಅವರಲ್ಲಿ ಸೈಕಲ್ ಓಡಿಸುವವರು ಎಷ್ಟು?
2. ನೋವಿನ ಕಾರಣಕ್ಕೆ ಸೈಕಲ್ ಬಿಟ್ಟವರು ಯಾರಾದರೂ ಇದ್ದಾರಾ? ಅವರ ಸೈಕಲ್ಲನ್ನು ಮೊದಲು ಸರಿಮಾಡೋಣವೇ?
3. ಯಾರ ಸೈಕಲ್ ಯಾರಿಗೆ ಅದಲು ಬದಲು ಮಾಡಬಹುದು?
4. ಸ್ಪ್ಯಾನರ್ ಮತ್ತು ಪಂಪು ಯಾವ ತಿಂಗಳು ಕೊಳ್ಳೋಣ, ಯಾರ ಮನೆಯಲ್ಲಿಡೋಣ?

ನಿರ್ಧಾರವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ತಿಂಗಳಾದ ಮೇಲೆ ಯಾರ ನೋವು ಎಷ್ಟು ಇಳಿಯಿತು ಎಂದು ಅದೇ ಪುಸ್ತಕದಲ್ಲಿ ಮತ್ತೆ ಬರೆಯಿರಿ.